ಹೇಳಿ ಹೋಗುವ ಸೂರ್ಯ

ನಮ್ಮ ಊರಿಗೆ ಬರುವವರು ಮೊದಲು ಕೋಟೆ ನೋಡುತ್ತಾರೆ. ಅರ್ಧ ಬಿದ್ದ ಗೋಡೆಗಳ ನಡುವೆ ನಡೆದು, ತುಕ್ಕು ಹಿಡಿದ ಫಿರಂಗಿಯ ಮೇಲೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುತ್ತಾರೆ. ಆಮೇಲೆ ದೀಪಸ್ತಂಭ ಹತ್ತುತ್ತಾರೆ. ಬಿಸಿಲು ಸ್ವಲ್ಪ ಇಳಿದ ಮೇಲೆ ದೋಣಿಯಲ್ಲಿ ಕುದುರು ಎಂಬ ನಡುಗಡ್ಡೆಗೆ ಹೋಗಿ ಅಲ್ಲಿಯ ಬಿಳಿ ಮರಳಿನ ದಂಡೆಯಲ್ಲಿ ಮೀಯುತ್ತಾರೆ. ಕುದುರಿನ ಬೆನ್ನಿಗೆ ಒಂದು ಬಂಡೆಯ ಗವಿಯಿದೆ. ದೋಣಿ ಅದರೊಳಗೆ ಹೊಕ್ಕಾಗ ಎಂಥ ದೊಡ್ಡ ಮನುಷ್ಯರೂ ತಲೆ ತಗ್ಗಿಸುತ್ತಾರೆ. ಕೊನೆಗೆ ಎಲ್ಲರೂ ಕೋಟೆಯ ಪಡುಬುರುಜಿಗೆ ಬರುತ್ತಾರೆ, ಸೂರ್ಯ ಮುಳುಗುವುದನ್ನು ನೋಡಲು.

ಸೂರ್ಯ ಎಲ್ಲ ಊರುಗಳಲ್ಲೂ ಮುಳುಗುತ್ತಾನೆ. ನಮ್ಮ ಊರಿನಲ್ಲಿ ಹೇಳಿ ಹೋಗುತ್ತಾನೆ. ನೀರಿಗೆ ಅಂಚು ತಾಗುವಷ್ಟು ಕೆಳಗೆ ಬಂದು ಅಲ್ಲಿಯೇ ನಿಲ್ಲುತ್ತಾನೆ. ನಮ್ಮ ಮನೆಯವರು ಒಬ್ಬರು ಬುರುಜಿನ ಮೇಲೆ ನಿಂತು 'ಹೋಗಿ ಬಾ' ಎನ್ನಬೇಕು. ಅಂದ ಮೇಲೆ ಹೋಗುತ್ತಾನೆ. ನನ್ನ ಅಜ್ಜಯ್ಯ ಹೇಳುತ್ತಿದ್ದರು, ಅಪ್ಪಯ್ಯ ಹೇಳುತ್ತಿದ್ದರು, ಅಪ್ಪಯ್ಯನ ದನಿ ಬಿದ್ದುಹೋದ ಮೇಲೆ ನಾನು ಹೇಳುತ್ತ ಬಂದೆ. ಇನ್ನೊಂದು ಪದ್ಧತಿಯೂ ಇದೆ. ಬುರುಜು ಹತ್ತಿದ ಊರಿನವರು ಸೂರ್ಯನಿಗಿಂತ ಮೊದಲು ಇಳಿಯುವುದಿಲ್ಲ. ಪಂಕ್ತಿಯಲ್ಲಿ ಹಿರಿಯರು ಏಳುವ ಮುಂಚೆ ಕಿರಿಯರು ಏಳದ ಹಾಗೆ. ಪರವೂರಿನವರಿಗೆ ಈ ಕಟ್ಟು ಇಲ್ಲ. ಅವರು ಬೇಕಾದಾಗ ಬರುತ್ತಾರೆ, ಬೇಕಾದಾಗ ಇಳಿಯುತ್ತಾರೆ.

ಜಲಜಾಕ್ಷಿ ನನ್ನ ಹೆಂಡತಿ. ಮದುವೆಯಾಗಿ ಮನೆ ತುಂಬಿದ ಸಂಜೆಯಿಂದಲೇ ಅವಳೂ ನನ್ನ ಜೊತೆ ಬುರುಜು ಹತ್ತುತ್ತಿದ್ದಳು. ಅರ್ಘ್ಯದ ತಾಮ್ರದ ತಂಬಿಗೆ ಅವಳ ಕೈಯಲ್ಲಿರುತ್ತಿತ್ತು. ನಾನು ಸಂಧ್ಯಾವಂದನೆ ಮುಗಿಸುವವರೆಗೆ ಅವಳು ಬಂದವರ ಜೊತೆ ಮಾತಿಗೆ ಕೂರುವಳು. ಯಾರಿಗೆ ಯಾವುದು ಸರಿಯೆಂದು ಮುಖ ನೋಡಿ ಹೇಳುವಳು. ಹೊಸದಾಗಿ ಮದುವೆಯಾದವರನ್ನು ಗವಿಗೆ ಕಳುಹಿಸುವಳು. ಮಂಡಿ ನೋವಿನವರಿಗೆ, "ದೀಪಸ್ತಂಭ ಕೆಳಗಿನಿಂದ ನೋಡ್ಲಿಕ್ಕೇ ಚಂದ, ಹತ್ತಿದವರಿಗೆ ದೀಪಸ್ತಂಭವೇ ಕಾಣುದಿಲ್ಲ," ಎನ್ನುವಳು. ಜಗಳವಾಡಿಕೊಂಡು ಬಂದವರಿಗೆ, ಬೆಳಗ್ಗೆ ಬೇಗ ಎದ್ದು ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಹೋಗಿ, ಡಾಲ್ಫಿನ್ ಕಾಣುತ್ತದೆ, ಆದರೆ ಸುಮ್ಮನೆ ಕೂತವರಿಗೆ ಮಾತ್ರ, ಎಂದು ಹೇಳುವಳು. ನಮಗೆ ಮಕ್ಕಳಾಗಲಿಲ್ಲ. ಅವಳಿಗೆ ದಿನಕ್ಕೊಂದು ಬಸ್ಸು ತುಂಬ ನೆಂಟರಿದ್ದರು.

ಚಳಿ ಕಳೆದು ಸೆಕೆ ಏಳುವ ಸಮಯದಲ್ಲಿ ಒಂದು ಮಧ್ಯಾಹ್ನ ಅವಳಿಗೆ ಎದೆ ಹಿಡಿದುಕೊಂಡಿತು. ಆಸ್ಪತ್ರೆ ಇರುವುದು ಅಳಿವೆಯ ಆಚೆ ದಡದಲ್ಲಿ. ಸೇತುವೆಯ ದಾರಿ ಸುತ್ತು. ಉಮ್ಮರಬ್ಬ ದೋಣಿ ತಂದರು. ಅವರು ಕುದುರಿಗೆ ಜನರನ್ನು ಕರೆದೊಯ್ಯುವ ದೋಣಿಯವರು, ನನ್ನ ಓರಗೆಯವರು, ಸಣ್ಣಂದಿನಲ್ಲಿ ನನಗೆ ಈಜು ಕಲಿಸಿದವರು. ಬುರುಜಿನ ಬುಡದಲ್ಲಿ ಚಹಾ, ಚರುಮುರಿ ಮಾರುವ ಸೆವ್ರಿನ್ ಬಾಯಿ ಜೊತೆಗೆ ಹತ್ತಿದರು. ನಾನು ದೋಣಿಗೆ ಕಾಲಿಡಲು ಹೋದಾಗ ಜಲಜಾಕ್ಷಿ ಕೈ ಅಡ್ಡ ಹಿಡಿದಳು.

"ನೀವು ಬುರುಜಿಗೆ ಹೋಗಿ. ಹೊತ್ತು ಇಳೀತಾ ಬಂತು. ಅವನನ್ನು ನಿಲ್ಲಿಸಿದ್ರೆ ಊರಿಗೇ ಕಷ್ಟ. ನಾನು ಹೋಗಿ ಬರ್ತೇನೆ."

"ಹೋಗಿ ಬಾ," ಎಂದೆ.

ಬುರುಜಿಗೆ ಹೋಗಿ ಸೂರ್ಯನಿಗೂ ಅದನ್ನೇ ಹೇಳಿದೆ. ಅವನು ಹೋದ. ಮಬ್ಬಿನಲ್ಲಿ ಇಳಿದು ಬಂದು ದೋಣಿ ಕಟ್ಟುವ ದಕ್ಕೆಯಲ್ಲಿ ನಿಂತೆ. ಉಮ್ಮರಬ್ಬನ ದೋಣಿ ಬರುವುದು ಕಾಣಿಸಿತು. ನೀರಿನ ಮೇಲೆ ಬಹಳ ಹಗುರವಾಗಿ ಬರುತ್ತಿತ್ತು. ಯಾರೂ ನನಗೆ ಏನೂ ಹೇಳಬೇಕಾಗಲಿಲ್ಲ.

ಸಾವಿನ ಮನೆಗೆ ಬಂದವರು ಹೇಳಿ ಹೋಗುವುದಿಲ್ಲ. ಸುಮ್ಮನೆ ಎದ್ದು, ತಿರುಗಿ ನೋಡದೆ ಹೋಗುತ್ತಾರೆ. ಸೂತಕ ಕಳೆಯುವವರೆಗೆ ಸೂರ್ಯನೂ ಹಾಗೆಯೇ ಹೋದ. ನಾನು ಜಗಲಿಯಲ್ಲಿ ಕೂತಿದ್ದಂತೆ ಅಂಗಳದ ಬೆಳಕು ತಾನಾಗಿ ಸರಿದು ಹೋಗುತ್ತಿತ್ತು. ನನಗೆ ಅದರಿಂದ ಒಂದು ಬಗೆಯ ಸಮಾಧಾನವಿತ್ತು. ಯಾರೂ ನನ್ನಿಂದ ಮಾತು ಕೇಳುತ್ತಿರಲಿಲ್ಲ.

ಶುದ್ಧವಾದ ದಿನ ಸಂಜೆ ತಂಬಿಗೆಯನ್ನು ನಾನೇ ಹಿಡಿದು ಬುರುಜು ಹತ್ತಿದೆ. ಅರ್ಘ್ಯ ಕೊಟ್ಟೆ, ಜಪ ಮಾಡಿದೆ. ಸೂರ್ಯ ಇಳಿದು ಬಂದು ನೀರಿನ ಅಂಚಿನಲ್ಲಿ ನಿಂತ. ನಾನು ಬಾಯಿ ತೆರೆದೆ. ಮಾತು ಗಂಟಲಿನವರೆಗೆ ಬಂದು ನಿಂತಿತು. ಇದೇ ಮಾತನ್ನು ಹೇಳಿ ಅವಳನ್ನು ಕಳುಹಿಸಿದ್ದೆ. ಅವಳು ಬರಲಿಲ್ಲ. ಈಗ ಇವನಿಗೂ ಹೇಳಿ ಇವನೂ ಬಾರದೆ ಹೋದರೆ? ದೇವರ ಮೇಲೆ ನನಗೆ ಸಂಶಯ ಹುಟ್ಟಲಿಲ್ಲ. ಸಂಶಯ ನನ್ನ ನಾಲಗೆಯ ಮೇಲೆ ಹುಟ್ಟಿತು. ಅದರಲ್ಲಿದ್ದ ಸತ್ತ್ವ ಹೋಗಿಬಿಟ್ಟಿದೆ, ಅದರಿಂದ ಹೊರಟ ಮಾತು ಕಳುಹಿಸಬಲ್ಲದು, ಕರೆಯಲಾರದು ಎಂದು ನನಗೆ ತೋರಿತು. ಬಾಯಿ ಮುಚ್ಚಿಕೊಂಡು ಕಟ್ಟೆಯ ಮೇಲೆ ಕೂತೆ. ಸೂರ್ಯ ನಿಂತೇ ಇದ್ದ.

ಮೊದಮೊದಲು ಬಂದವರಿಗೆ ಬಹಳ ಸಂತೋಷವಾಯಿತು. ಸೂರ್ಯಾಸ್ತಕ್ಕೆ ತಡವಾಯಿತೆಂದು ಓಡಿ ಬರುವವರು ಓಡುವುದನ್ನು ಬಿಟ್ಟರು. ಒಬ್ಬಳು ಹೆಂಗಸು ನನ್ನ ಹತ್ತಿರ ಬಂದು, "ಅಂಕಲ್, ಇನ್ನೂ ಸ್ವಲ್ಪ ಹೊತ್ತು ಇರ್ತದಾ? ನಮ್ಮವರು ಪಾರ್ಕಿಂಗ್‌ನಲ್ಲಿ ಜಾಗ ಹುಡುಕ್ತಾ ಇದ್ದಾರೆ," ಎಂದಳು. "ಇರ್ತಾನಮ್ಮ," ಎಂದೆ. ದಂಡೆಯ ಮೇಲೆ ಗಾಳಿಪಟಗಳು ಇಳಿಯಲಿಲ್ಲ. ಕುದುರಿಗೆ ದೋಣಿಗಳು ಹೋಗುತ್ತಲೇ ಇದ್ದವು, ಬರುತ್ತಲೇ ಇದ್ದವು. ಸೇತುವೆಯ ಆಚೆ ಎಂದಿನಂತೆ ಕತ್ತಲಾಗುತ್ತಿತ್ತು, ಬೆಳಗಾಗುತ್ತಿತ್ತು. ಆಚೆಯವರ ಸೂರ್ಯ ಆಚೆಯವರದು. ಬಸ್ಸುಗಳು ದೀಪ ಹಾಕಿಕೊಂಡು ಸೇತುವೆಯ ಮೇಲೆ ಬಂದು, ನಮ್ಮ ಕಡೆಯ ಕೆಂಪು ಬೆಳಕಿಗೆ ಇಳಿದ ಕೂಡಲೇ ದೀಪ ಆರಿಸುತ್ತಿದ್ದವು.

ಊರಿನವರು ತಮ್ಮ ಪಾಡಿಗೆ ಹೊಂದಿಕೊಂಡರು. ನಿದ್ದೆ ಬೇಕಾದವರು ಚಾಪೆ ಸುತ್ತಿಕೊಂಡು ಸೇತುವೆ ದಾಟಿ, ಆಚೆಯ ಪರಿಚಯದವರ ಜಗಲಿಯಲ್ಲಿ ಮಲಗಿ ಬರುತ್ತಿದ್ದರು. ಗೂಡು ಸೇರದೆ ಅಂಗಳದಲ್ಲಿ ನಿಂತು ತೂಗಾಡುವ ಕೋಳಿಗಳನ್ನು ಬುಟ್ಟಿಯಲ್ಲಿ ಹಾಕಿ ಹೊತ್ತುಕೊಂಡು ಹೋಗುತ್ತಿದ್ದರು. ಮಲ್ಲಿಗೆಯ ಮೊಗ್ಗು ಬಿರಿಯಲಿಲ್ಲ. ಹೆಂಗಸರು ಮೊಗ್ಗನ್ನೇ ಕಟ್ಟಿ ಮುಡಿದರು. ಎಲ್ಲರ ನೆರಳೂ ಉದ್ದವಾಗಿ ಬೀದಿಯ ಮೇಲೆ ಬಿದ್ದು ಒಂದರ ಮೇಲೊಂದು ಹಾಯುತ್ತಿತ್ತು. ಕೆಲವರು ನಡೆಯುವಾಗ ಪಕ್ಕದವರ ನೆರಳನ್ನು ತುಳಿಯಬಾರದೆಂದು ಸರಿದು ನಡೆಯುವುದನ್ನು ಕಲಿತರು. ದೀಪಸ್ತಂಭದವನು ದೀಪ ಹಚ್ಚಬೇಕೋ ಬೇಡವೋ ತಿಳಿಯದೆ ಬೆಂಕಿಪೊಟ್ಟಣ ಹಿಡಿದು ಮೆಟ್ಟಿಲ ಮೇಲೆ ಕೂತಿರುವುದು ನನಗೆ ಬುರುಜಿನಿಂದ ಕಾಣಿಸುತ್ತಿತ್ತು. ಗುಡಿಯಲ್ಲಿ ಸಂಜೆಯ ಆರತಿ ಆಗಲಿಲ್ಲ. ಮಸೀದಿಯಲ್ಲಿ ಬಾಂಗ್ ಆಗಲಿಲ್ಲ. ಇಗರ್ಜಿಯ ಗಂಟೆಯವನು ಹಗ್ಗ ಹಿಡಿದು ಕಾದು, ಮತ್ತೆ ಬಿಟ್ಟು ಹೋದನಂತೆ. ಅದು ರಂಜಾನಿನ ತಿಂಗಳು. ಉಪವಾಸ ಹಿಡಿದವರು ಸಂಜೆಯ ಹೊತ್ತಿಗೆ ಗಂಟು ಕಟ್ಟಿಕೊಂಡು ಸೇತುವೆಯ ಆಚೆ ಹೋಗಿ, ಕತ್ತಲೆಯಲ್ಲಿ ಉಪವಾಸ ಬಿಟ್ಟು ಬರುತ್ತಿದ್ದರು.

ಯಾರೂ ನನಗೆ ಬೈಯಲಿಲ್ಲ. ಬೇರೆ ಯಾರಾದರೂ ಹೇಳಿ ನೋಡಬಹುದೇ ಎಂದು ದೇವಸ್ಥಾನದ ಮೊಕ್ತೇಸರರು ದಂಡೆಯಲ್ಲಿ ನಿಂತು ಕೈ ಮುಗಿದು ಹೇಳಿ ನೋಡಿದರು. ಸೂರ್ಯ ಅವರ ಕಡೆ ನೋಡಲೂ ಇಲ್ಲ.

ಬುರುಜು ಹತ್ತಿದ ಮೇಲೆ ಪದ್ಧತಿಯ ಪ್ರಕಾರ ನಾನೂ ಇಳಿಯುವಂತಿರಲಿಲ್ಲ. ಸೆವ್ರಿನ್ ಬಾಯಿ ಕೆಳಗಿನಿಂದ ಬುಟ್ಟಿಗೆ ಹಗ್ಗ ಕಟ್ಟಿ ಹಾಲು, ಬಾಳೆಹಣ್ಣು ಕಳುಹಿಸುತ್ತಿದ್ದರು. ಅವರು ಮೇಲೆ ಬರುತ್ತಿರಲಿಲ್ಲ. ಬಂದರೆ ಇಳಿಯಲಾಗದಲ್ಲ.

"ಉಪಾಧ್ಯರೇ, ಹಾಲು ಕಾಯಿಸಿದ್ದು, ಮಡಿಯಲ್ಲಿ ಅಲ್ಲ. ನಿಮ್ಮ ದೇವರು ಕೇಳಿದ್ರೆ ನನ್ನ ಹೆಸರು ಹೇಳಿ."

"ಕೇಳುದಿಲ್ಲ ಬಾಯಿ."

"ಕೇಳ್ಲಿಕ್ಕೆ ಅವನಿಗೆ ಪುರುಸೊತ್ತು ಎಲ್ಲುಂಟು, ನೀವು ನಿಲ್ಲಿಸಿ ಇಟ್ಟಿದ್ದೀರಲ್ಲ." ಸ್ವಲ್ಪ ಹೊತ್ತು ಕೆಳಗೆ ಪಾತ್ರೆಗಳ ಸದ್ದು. ಮತ್ತೆ ಅವರ ದನಿ. "ವ್ಯಾಪಾರ ಚೆನ್ನಾಗುಂಟು, ಇಲ್ಲ ಅನ್ನುದಿಲ್ಲ. ಆದ್ರೆ ನನ್ನ ಸೊಂಟ ಬಿತ್ತು. ಈ ಜನ ಮನೆಗೆ ಹೋಗುದೇ ಇಲ್ಲ."

ನಾನು ಖಾಲಿ ಬುಟ್ಟಿಯನ್ನು ಕೆಳಗಿಳಿಸಿದೆ. ಅವರು ಕೂಡ ಆ ದಿನ ದೋಣಿಯಲ್ಲಿದ್ದವರು. ಅದನ್ನು ಅವರು ಎತ್ತಲಿಲ್ಲ.

ಹಾಗಿರುವಾಗ ಉಮ್ಮರಬ್ಬ ಬುರುಜು ಹತ್ತಿ ಬಂದರು. ಲುಂಗಿಯನ್ನು ಎತ್ತಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ ಬಂದು, ನನ್ನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತರು. ತುಟಿ ಒಣಗಿತ್ತು.

"ನೀವು ಉಪವಾಸದಲ್ಲಿದ್ದೀರಿ," ಎಂದೆ.

"ಹೌದು."

"ಹತ್ತಿಬಿಟ್ಟಿರಲ್ಲ. ಇನ್ನು ಇಳಿಯುವ ಹಾಗಿಲ್ಲ."

"ಗೊತ್ತುಂಟು."

"ಎಲ್ಲರ ಜೊತೆ ಸೇತುವೆ ದಾಟಿ ಹೋಗುದಲ್ವಾ?"

"ನಿನ್ನೆ ಹೋದೆ. ಮೊನ್ನೆ ಹೋದೆ. ಅಲ್ಲಿ ಯಾರದೋ ಜಗಲಿಯಲ್ಲಿ ಕೂತು ಖರ್ಜೂರ ಬಾಯಿಗೆ ಹಾಕಿದ್ರೆ ಗಂಟಲಲ್ಲಿ ಇಳಿಯುದಿಲ್ಲ ಮಾರಾಯ್ರೆ. ನನ್ನ ಊರಲ್ಲಿ ಹೊತ್ತು ಮುಳುಗ್ಲಿಲ್ಲ, ನನಗೆಂತ ಊಟ ಅಂತ ಆಯ್ತು. ಇವತ್ತು ಇಲ್ಲೇ."

"ನನ್ನನ್ನು ಕಟ್ಟಿಹಾಕ್ಲಿಕ್ಕೆ ಬಂದದ್ದಾ?"

"ಅಲ್ಲ. ನೀವು ಒಬ್ಬರೇ ಇದ್ದೀರಿ ಅಂತ ಬಂದದ್ದು. ಕಟ್ಟಿಹಾಕುದಾದ್ರೆ ಹಗ್ಗ ತರ್ತಿದ್ದೆ, ದೋಣಿಯಲ್ಲಿ ಬೇಕಾದಷ್ಟುಂಟು."

ಬುರುಜಿನ ಮೇಲೆ ಜನ ಬಂದರು, ಹೋದರು. ಒಬ್ಬ ಹುಡುಗಿ ಗೋಡೆಯ ಅಂಚಿನಲ್ಲಿ ನಿಂತು ಸೂರ್ಯನನ್ನು ಎರಡು ಬೆರಳಿನ ನಡುವೆ ಹಿಡಿದಂತೆ ಫೋಟೋ ತೆಗೆಸಿಕೊಂಡಳು. ಅವಳ ತಾಯಿ ಉಮ್ಮರಬ್ಬನ ಮುಖ ನೋಡಿ, ಚೀಲದಿಂದ ನೀರಿನ ಬಾಟ್ಲಿ ತೆಗೆದು ಚಾಚಿದಳು.

"ಬೇಡಮ್ಮ," ಎಂದರು ಉಮ್ಮರಬ್ಬ. "ಇನ್ನೂ ಹೊತ್ತು ಮುಳುಗ್ಲಿಲ್ಲ."

ಅವಳು ಸೂರ್ಯನನ್ನು ನೋಡಿದಳು, ಇವರನ್ನು ನೋಡಿದಳು, ಬಾಟ್ಲಿಯನ್ನು ಅವರ ಪಕ್ಕದಲ್ಲಿ ಇಟ್ಟು ಹೋದಳು. ಉಮ್ಮರಬ್ಬ ಅದನ್ನು ನೆರಳಿಗೆ ಸರಿಸಿದರು.

ಎಷ್ಟು ಹೊತ್ತಾಯಿತೋ ತಿಳಿಯದು. ಆಚೆ ದಡದಲ್ಲಿ ದೀಪಗಳು ಹತ್ತಿ, ಒಂದೊಂದಾಗಿ ಆರಿಹೋದವು. ಉಮ್ಮರಬ್ಬನ ಬೆನ್ನು ಗೋಡೆಗೆ ಒರಗಿತು. ಕಣ್ಣು ಮುಚ್ಚಿ ತುಟಿಯಲ್ಲೇ ಏನನ್ನೋ ಪಠಿಸುತ್ತಿದ್ದರು. ಅವರ ಕೈ ಮುಟ್ಟಿ ನೋಡಿದೆ. ಬೆರಳುಗಳು ನನ್ನ ಕೈಯನ್ನು ತಿರುಗಿ ಹಿಡಿಯಲಿಲ್ಲ. ನನಗೆ ಹೆದರಿಕೆಯಾಯಿತು.

"ಉಮ್ಮರಬ್ಬ, ನೀರು ಕುಡಿಯಿರಿ. ದೇವರು ಕ್ಷಮಿಸ್ತಾನೆ."

"ಕ್ಷಮಿಸ್ತಾನೆ, ಅವನ ದಯೆ ದೊಡ್ಡದು. ಅದಕ್ಕೆ ಅಲ್ಲ." ಕಣ್ಣು ತೆರೆದರು. "ನಿಮಗೆ ಒಂದು ಹೇಳ್ಬೇಕು ಅಂತ ಇದ್ದೆ. ಜಲಜಾಕ್ಷಿ ಅಮ್ಮನನ್ನು ನಾನು ಕರ್ಕೊಂಡು ಹೋದದ್ದಲ್ವಾ. ದೋಣಿಗೆ ಹತ್ತಿಸುವಾಗ ನಾನು ನಿಮ್ಮ ಹತ್ರ ಎಂತ ಹೇಳಿದೆ, ನೆನಪುಂಟಾ?"

"ಇಲ್ಲ."

"ಹೆದರ್ಬೇಡಿ, ನಾನು ದಾಟಿಸ್ತೇನೆ ಅಂತ ಹೇಳಿದೆ. ಆಚೆ ದಡ ಮುಟ್ಟಿಸಿದೆ, ಅಷ್ಟೇ. ವಾಪಸ್ ತರ್ಲಿಕ್ಕೆ ಆಗ್ಲಿಲ್ಲ." ಅವರು ಒಣಗಿದ ತುಟಿಯನ್ನು ಒತ್ತಿ ಹಿಡಿದು, ಮತ್ತೆ ಮುಂದುವರಿಸಿದರು. "ಮರುದಿನ ದಕ್ಕೆಗೆ ಹೋದೆ. ಘಟ್ಟದ ಮೇಲಿನವರು ಒಂದು ಸಂಸಾರ ಬಂದು ನಿಂತಿತ್ತು, ಕುದುರಿಗೆ ಹೋಗ್ಬೇಕು ಅಂತ. ಅವರ ಅಜ್ಜಿ ಬಂದು ಅಮ್ಮ ಕೂತ ಹಲಗೆಯಲ್ಲೇ ಕೂತರು. ನನ್ನ ಕೈ ಹುಟ್ಟು ಹಿಡಿಯುದಿಲ್ಲ. ಆ ಅಜ್ಜಿ ಕೇಳಿದ್ರು, ಎಂತ ಸಾಹೇಬ್ರೇ, ಜಾಗ್ರತೆ ಕರ್ಕೊಂಡು ಹೋಗ್ತೀರಲ್ಲ ಅಂತ. ನಾನೆಂತ ಹೇಳ್ಬೇಕು ಉಪಾಧ್ಯರೇ? ನನ್ನ ಬಾಯಲ್ಲಿ ಆ ಮಾತು ಸುಳ್ಳಾಗಿ ಒಂದು ದಿನ ಕೂಡ ಆಗಿರ್ಲಿಲ್ಲ."

"ಎಂತ ಹೇಳಿದಿರಿ?"

"ಹೆದರ್ಬೇಡಿ, ನಾನು ದಾಟಿಸ್ತೇನೆ ಅಂದೆ."

"ದಾಟಿಸಿದಿರಾ?"

"ಹೋಗುವಾಗ ಇಡೀ ದಾರಿ ನಡುಗ್ತಾ ಇದ್ದೆ. ಬರುವಾಗ ಅಜ್ಜಿ ನಿದ್ದೆ ಮಾಡಿದ್ರು, ಬಾಯಿ ತೆರೆದು. ದೋಣಿ ಮುರಿದು ಒಲೆಗೆ ಹಾಕ್ಬೇಕಿತ್ತು ಅಂತೀರಾ ನೀವು?"

ಹೆದರಿಕೆ ನನಗೊಬ್ಬನಿಗೇ ಬಂದಿದೆ ಎಂದು ತಿಳಿದುಕೊಂಡಿದ್ದೆ. ಈ ಮನುಷ್ಯ ಮರುದಿನವೇ ಅದನ್ನು ಹೊತ್ತು ದೋಣಿ ನಡೆಸಿದ್ದ. ನಡುಗುವ ಕೈಯಲ್ಲಿಯೇ ನಡೆಸಿದ್ದ.

ಆಮೇಲೆ, ಅಲ್ಲಿಯವರೆಗೆ ನೋಡಲಾರದೆ ತಪ್ಪಿಸಿಕೊಳ್ಳುತ್ತಿದ್ದ ಕಡೆ ನೋಡಿದೆ. ಸೂರ್ಯ ನೀರಿನ ಅಂಚಿನಲ್ಲಿದ್ದ. ಅವನ ಬಣ್ಣ ಮಾಸಿತ್ತು. ಅಂಚು ಅದುರುತ್ತಿತ್ತು. ಊಟ ಮುಗಿಸಿ, ಎಲೆ ಅಡಿಕೆ ಹಾಕಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತ ನೆಂಟನ ಹಾಗಿದ್ದ. ಮನೆಯವರು ಒಂದು ಮಾತು ಹೇಳಲಿ ಎಂದು ಕಾಯುತ್ತಾನೆ, ಒಳಗೆ ಬರಲಾರ, ಹೊರಗೆ ಹೋಗಲಾರ. ಸಣ್ಣಂದಿನಿಂದ ದಿನಕ್ಕೆ ಮೂರು ಹೊತ್ತು ನೀರು ಬಿಟ್ಟು ಕೈ ಮುಗಿದ ದೇವರು. ಅವನನ್ನು ನಾನು ಹೊಸ್ತಿಲಲ್ಲಿ ನಿಲ್ಲಿಸಿಬಿಟ್ಟಿದ್ದೆ. ಪಕ್ಕದಲ್ಲಿ ನನ್ನ ಗೆಳೆಯ ಬಾಯಾರಿ ಕೂತಿದ್ದ. ಬಾರದೆ ಹೋದರೆ ಎಂಬ ಹೆದರಿಕೆ ಹೋಗಲಿಲ್ಲ. ಅದು ಇದ್ದ ಹಾಗೆಯೇ ನಾನು ಎದ್ದು ನಿಂತೆ.

ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಬೊಗಸೆಗೆ ಬಗ್ಗಿಸಿ ಬಿಟ್ಟೆ. ಕೆಮ್ಮಿದೆ.

"ಹೋಗಿ ಬಾ ತಂದೆ," ಎಂದೆ.

ದನಿ ಒಡೆದು, ಅಪ್ಪಯ್ಯನ ಕೊನೆಗಾಲದ ದನಿಯಂತಾಗಿತ್ತು. ಆದರೂ ಅವನಿಗೆ ಸಾಕಾಯಿತು. ಸುಸ್ತಾದವನು ಹಾಸಿಗೆಯ ಮೇಲೆ ಬೀಳುವ ಹಾಗೆ ಒಮ್ಮೆಲೇ ನೀರಿಗೆ ಇಳಿದುಬಿಟ್ಟ. ಬುರುಜಿನ ಮೇಲಿದ್ದವರಲ್ಲಿ ಯಾರಿಗೂ ಫೋಟೋ ತೆಗೆಯಲಾಗಲಿಲ್ಲ. ಬೀದಿಗಳಲ್ಲಿ ಬಿದ್ದಿದ್ದ ನೆರಳುಗಳೆಲ್ಲ ಒಟ್ಟಾಗಿ ಎದ್ದು ಕತ್ತಲಾಯಿತು. ಆಮೇಲೆ ಕಾದು ನಿಂತಿದ್ದದ್ದೆಲ್ಲ ಒಟ್ಟಿಗೆ ಬಂತು. ಬಾಂಗ್ ಕೇಳಿಸಿತು, ಗುಡಿಯ ಜಾಗಟೆ ಕೇಳಿಸಿತು, ಇಗರ್ಜಿಯ ಗಂಟೆ ಕೇಳಿಸಿತು. ದೀಪಸ್ತಂಭದ ದೀಪ ಹತ್ತಿತು. ಅಂಗಳ ಅಂಗಳಗಳಿಂದ ಬಿರಿದ ಮಲ್ಲಿಗೆಯ ಗಾಳಿ ಬುರುಜಿನವರೆಗೆ ಏರಿ ಬಂತು. ಕೆಳಗೆ ಸೆವ್ರಿನ್ ಬಾಯಿ, "ಅಂಗಡಿ ಮುಚ್ಚಿದೆ, ಎಲ್ಲರೂ ಹೋಗಿ, ಹೋಗಿ," ಎನ್ನುತ್ತಿದ್ದರು.

ಉಮ್ಮರಬ್ಬ ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. ಖರ್ಜೂರವನ್ನು ಬಾಯಿಗೆ ಹಾಕಿ, ಆ ಹೆಂಗಸು ಇಟ್ಟು ಹೋದ ನೀರನ್ನು ನಿಧಾನವಾಗಿ ಕುಡಿದರು. ಗಂಟಲಲ್ಲಿ ನೀರು ಇಳಿಯುವ ಸದ್ದು ನನಗೆ ಕೇಳಿಸಿತು. ಒಂದು ಖರ್ಜೂರ ನನ್ನ ಅಂಗೈಗೂ ಹಾಕಿದರು. ಪಡುವಣಕ್ಕೆ ಬೆನ್ನು ತಿರುಗಿಸದೆ ಅಲ್ಲಿಯೇ ಬಟ್ಟೆ ಹಾಸಿ ನಮಾಜು ಮಾಡಿದರು. ನಾನು ಗಾಯತ್ರಿ ಜಪಿಸಿದೆ. ಮುಗಿದ ಮೇಲೆ ಅವರು ಗೋಡೆ ಹಿಡಿದು ಎದ್ದರು.

"ಬರ್ತೇನೆ ಉಪಾಧ್ಯರೇ."

ನಾನು ತಲೆಯಾಡಿಸಿದೆ. ಅವರು ಕದಲಲಿಲ್ಲ.

"ತಲೆ ಆಡಿಸಿದ್ದು ಕತ್ತಲೆಯಲ್ಲಿ ಯಾರಿಗೆ ಕಾಣ್ತದೆ? ಅವನಿಗೆ ಕೊಟ್ಟದ್ದು ನನಗೆ ಇಲ್ವಾ?"

ಸೂರ್ಯನಿಗೆ ಹೇಳುವುದಕ್ಕಿಂತ ಇದು ಕಷ್ಟವಾಯಿತು. ಮೆಟ್ಟಿಲು ಕಡಿದಾಗಿತ್ತು, ಅವರಿಗೆ ವಯಸ್ಸಾಗಿತ್ತು, ಹೊಟ್ಟೆ ಖಾಲಿಯಿತ್ತು. ಇವರನ್ನೂ ನನ್ನ ಬಾಯಿಂದಲೇ ಕಳುಹಿಸಬೇಕಾಗಿತ್ತು.

"ಹೋಗಿ ಬನ್ನಿ ಉಮ್ಮರಬ್ಬ," ಎಂದೆ. "ಮೆಟ್ಟಿಲು ನೋಡಿಕೊಂಡು."

"ಮೆಟ್ಟಿಲು ನನಗಿಂತ ಹಳತು, ಅದು ನನ್ನನ್ನು ನೋಡಿಕೊಳ್ತದೆ," ಎನ್ನುತ್ತ ಇಳಿದು ಹೋದರು.

ನಾನೂ ಮನೆಗೆ ಬಂದೆ. ಬೆಳಗಿನವರೆಗೆ ಜಗಲಿಯಲ್ಲಿ ಕೂತು ಕಾಯುವುದೆಂದು ನಿಶ್ಚಯಿಸಿ, ಕಂಬಕ್ಕೆ ಒರಗಿದ್ದು ಮಾತ್ರ ನೆನಪಿದೆ.

ಆ ಬೆಳಗ್ಗೆ ಊರಿಗೆ ಊರೇ ಎದ್ದಿತ್ತಂತೆ. ಪಡುಗಡಲನ್ನೇ ನೋಡಿ ಅಭ್ಯಾಸವಾದ ಜನ ಬೆನ್ನು ತಿರುಗಿಸಿ, ಗುಡ್ಡದ ಕಡೆ ಮುಖ ಮಾಡಿ ಬೀದಿಯಲ್ಲಿ ನಿಂತಿದ್ದರಂತೆ. ಮೊಕ್ತೇಸರರು ಚಾಪೆ ಹೊದ್ದುಕೊಂಡು ಬಂದಿದ್ದರಂತೆ. ಇದನ್ನೆಲ್ಲ ನನಗೆ ಆಮೇಲೆ ಜನ ಹೇಳಿದರು. ಎಲ್ಲರಿಗಿಂತ ಹೆಚ್ಚು ಹೆದರಿದ್ದ ನಾನು ಮಾತ್ರ, ಅಷ್ಟು ದಿನದ ನಿದ್ದೆಯನ್ನೆಲ್ಲ ಸೇರಿಸಿ, ಜಗಲಿಯಿಂದ ಒಳಗೆ ಹೋಗಿ ಯಾವಾಗಲೋ ಬಾಗಿಲು ಹಾಕಿಕೊಂಡು ಮಲಗಿಬಿಟ್ಟಿದ್ದೆ.

ಬಾಗಿಲು ಬಡಿಯುವ ಸದ್ದಿಗೆ ಎಚ್ಚರವಾಯಿತು.

"ಉಪಾಧ್ಯರೇ, ಏಳಿ," ಎಂದು ಉಮ್ಮರಬ್ಬ ಹೊರಗಿನಿಂದ ಕೂಗುತ್ತಿದ್ದರು. "ಇಬ್ಬರೂ ಬಂದಿದ್ದೇವೆ."

ಅಗಳಿ ಸರಿಸಿದೆ. ಅವರು ಹೊಸ್ತಿಲಲ್ಲಿ ನಿಂತಿದ್ದರು. ಅಭ್ಯಾಸಬಲದಿಂದ ಜಲಜಾಕ್ಷಿಗಾಗಿ ಅವರ ಹೆಗಲಿನಾಚೆ, ಓಣಿಯ ಕೊನೆಯವರೆಗೆ ನೋಡಿದೆ. ಅಲ್ಲಿ ಬಿಸಿಲು ಮಾತ್ರ ಇತ್ತು. ಅದೂ ಒಳಗೆ ಬರಲೆಂದು ಎರಡು ಬಾಗಿಲನ್ನೂ ಪೂರ್ತಿ ತೆಗೆದೆ.